ಆಪರೇಷನ್ ಆದ ಮೇಲೆ ಅಜ್ಜಿಗೆ ಏನಾಯ್ತು?



ಈ ಸಲದ ಪಾಠ ಉಳಿತಾಯದ್ದಲ್ಲ, ಸಾಲದ್ದೂ ಅಲ್ಲ. ವಸ್ತಾರೆ ಕಡೆಯ ಒಂದು ಸಂಘದ ಸಭೆ ಮುಗಿಯುವ ಹೊತ್ತಿಗೆ ಸದಸ್ಯೆಯೊಬ್ಬರು ಕೇಳಿದ ಪ್ರಶ್ನೆಯಿಂದ ಇದು ಹುಟ್ಟಿಕೊಂಡಿತು. “ಸಿಸ್ಟರ್, ನಮ್ಮತ್ತೆಗೆ ಸೊಂಟದ ಆಪರೇಷನ್ ಚೆನ್ನಾಗೇ ಆಯ್ತು ಅಂದ್ರು. ಕಾಲು ಸರಿಹೋಯ್ತು, ತಲೆ ಕೆಟ್ಟೋಯ್ತು. ಮತ್ತಿನ ಇಂಜೆಕ್ಷನ್ ಜಾಸ್ತಿ ಕೊಟ್ಬಿಟ್ರಾ?” ಅವರು ಕೇಳಿದ್ದೇ ತಡ, ಪಕ್ಕದಲ್ಲಿದ್ದ ಇನ್ನಿಬ್ಬರು “ನಮ್ಮನೇಲೂ ಹಂಗೇ ಆಗಿತ್ತು” ಎಂದರು. ಒಬ್ಬರ ಮನೆಯಲ್ಲಿ ಅಪ್ಪ, ಇನ್ನೊಬ್ಬರ ಮನೆಯಲ್ಲಿ ದೊಡ್ಡಮ್ಮ. ಮೂರೂ ಮನೆಯವರು ಅದುವರೆಗೆ ಯಾರ ಹತ್ತಿರವೂ ಬಾಯಿಬಿಟ್ಟಿರಲಿಲ್ಲ. ತಲೆಯ ವಿಷಯ ನೋಡಿ, ಹೇಳಿಕೊಳ್ಳಲು ನಾಚಿಕೆ.

ಆ ಅತ್ತೆಯ ಕಥೆಯನ್ನು ಮನೆಯವರ ಒಪ್ಪಿಗೆ ಪಡೆದೇ ಇಲ್ಲಿ ಹೇಳುತ್ತಿದ್ದೇವೆ. ಹೆಸರು ಬೇಡ.

ಎಪ್ಪತ್ತು ದಾಟಿದ ಅಜ್ಜಿ. ತೋಟದಲ್ಲಿ ದುಡಿದು ನಿವೃತ್ತಿಯಾದವರು, ಲೈನ್ ಮನೆಯಲ್ಲಿ ವಾಸ. ಮನೆಮಾತು ತಮಿಳಾದರೂ ನಲವತ್ತು ವರ್ಷ ಎಲ್ಲರ ಜೊತೆ ಕನ್ನಡ ಆಡಿಕೊಂಡು ಬಂದವರು. ಆಷಾಢದ ಮಳೆಯಲ್ಲಿ ಬಚ್ಚಲ ಮುಂದಿನ ಪಾಚಿ ಕಟ್ಟಿದ ಕಲ್ಲಿನ ಮೇಲೆ ಜಾರಿ ಬಿದ್ದರು. ಎಣ್ಣೆ ಉಜ್ಜಿ, ಪಟ್ಟು ಹಾಕಿ ನಾಲ್ಕು ದಿನ ಮನೆಯಲ್ಲೇ ಮಲಗಿಸಿದರು. “ಈ ವಯಸ್ಸಲ್ಲಿ ಮತ್ತು ಕೊಟ್ರೆ ಏಳ್ತಾರೋ ಇಲ್ವೋ” ಎಂಬ ಭಯ ಒಂದು ಕಡೆ, ದುಡ್ಡಿನ ಚಿಂತೆ ಇನ್ನೊಂದು ಕಡೆ. ಕೊನೆಗೆ ಜಿಲ್ಲೆಯ ಹೊರಗಿನ ಒಂದು ದೊಡ್ಡ ಆಸ್ಪತ್ರೆಗೆ ಸೇರಿಸಿದರು. ಆರನೇ ದಿನ ಆಪರೇಷನ್ ಆಯಿತು.

ಅವತ್ತು ಸಂಜೆ ಅಜ್ಜಿ ಚೆನ್ನಾಗಿಯೇ ಇದ್ದರು, ಕಾಫಿ ಕೇಳಿದರು. ಮಾರನೇ ದಿನ ರಾತ್ರಿ ಶುರುವಾಯಿತು. ಕೈಗೆ ಚುಚ್ಚಿದ್ದ ಗ್ಲೂಕೋಸ್ ಸೂಜಿ ಕಿತ್ತರು. “ಕಣದಲ್ಲಿ ಕಾಫಿ ಹರಡಿದೆ, ಮಳೆ ಬಂತು, ಟಾರ್ಪಾಲ್ ಎಳೀರಿ” ಎಂದು ಕೂಗಿದರು. ತೀರಿಹೋಗಿ ಹತ್ತು ವರ್ಷವಾದ ಗಂಡನನ್ನು ಕರೆದರು. ಮಗನನ್ನು ಗುರುತಿಸಲಿಲ್ಲ. ಹೊತ್ತು ಹೋದಂತೆ ಕನ್ನಡ ಬಿಟ್ಟೇಹೋಯಿತು, ಬರೀ ತಮಿಳು. ವಾರ್ಡಿನಲ್ಲಿ ಇದ್ದವರಿಗೆ ಆ ಭಾಷೆ ಬಾರದು. ಮಂಚಕ್ಕೆ ಎರಡೂ ಕೈ ಕಟ್ಟಿದರು. ಮಗ ತಲೆ ಮೇಲೆ ಕೈಹೊತ್ತು ಕುಳಿತ. ಆತ ಆಮೇಲೆ ನಮಗೆ ಹೇಳಿದ್ದು: “ಮಧ್ಯ ಮಧ್ಯ ‘ವಲಿಕ್ಕುದು, ವಲಿಕ್ಕುದು’ ಅಂತಿದ್ರು ಸಿಸ್ಟರ್. ಅಂದ್ರೆ ನೋಯ್ತಿದೆ ಅಂತ. ನಾನು ಅದನ್ನೂ ಬಡಬಡಿಕೆ ಲೆಕ್ಕಕ್ಕೇ ಸೇರಿಸಿಬಿಟ್ಟೆ.”

ಬೆಳಿಗ್ಗೆ ಬಂದ ಡಾಕ್ಟರು ಹೊಟ್ಟೆ ಮುಟ್ಟಿ ನೋಡಿದರು. ಮೂತ್ರದ ಪೈಪ್ ತೆಗೆದ ಮೇಲೆ ಅಜ್ಜಿಗೆ ಮೂತ್ರ ಹೋಗಿಯೇ ಇರಲಿಲ್ಲ, ಚೀಲ ತುಂಬಿ ಬಿಗಿದಿತ್ತು. ರಕ್ತ ಪರೀಕ್ಷೆಯಲ್ಲಿ ಸೋಡಿಯಂ, ಅಂದರೆ ಉಪ್ಪಿನಂಶ, ಬಹಳ ಕಡಿಮೆಯಾಗಿತ್ತು. ಎರಡಕ್ಕೂ ಚಿಕಿತ್ಸೆ ಆಯಿತು. ಮೂರನೇ ದಿನಕ್ಕೆ ಅಜ್ಜಿ ಮಗನ ಹೆಸರು ಹಿಡಿದು ಕರೆದರು.

ಇದಕ್ಕೆ ಹೆಸರಿದೆ

ಡಾಕ್ಟರುಗಳು ಇದನ್ನು ಡೆಲಿರಿಯಂ ಎನ್ನುತ್ತಾರೆ. ನಮ್ಮ ಹಿರಿಯರ ಮಾತಿನಲ್ಲಿ ಸನ್ನಿ. ಜ್ವರ ಏರಿದಾಗ ಬಡಬಡಿಸುವ ಸನ್ನಿಯನ್ನು ನಾವೆಲ್ಲ ನೋಡಿದ್ದೇವೆ. ವಯಸ್ಸಾದವರಲ್ಲಿ ಆಪರೇಷನ್ ಆದ ಒಂದರಿಂದ ಮೂರು ದಿನದೊಳಗೆ ಇದು ಹೆಚ್ಚಾಗಿ ಕಾಣಿಸುತ್ತದೆ. ಸೊಂಟದ ಮೂಳೆ ಮುರಿದು ಆಪರೇಷನ್ ಆದ ವೃದ್ಧರಲ್ಲಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಬರುತ್ತದೆ. ಅಂದರೆ ಇದು ಅಪರೂಪದ ಸಂಗತಿಯಲ್ಲ, ಗಾಳಿ ಸೋಕಿದ್ದೂ ಅಲ್ಲ, ಹುಚ್ಚೂ ಅಲ್ಲ.

ಇದನ್ನು ಗುರುತಿಸುವುದು ಹೇಗೆ? ಶಾರನ್ ಇನೋಯ್ ಎಂಬ ಅಮೆರಿಕದ ವೈದ್ಯೆ 1990ರಲ್ಲಿ ತಮ್ಮ ಸಂಗಡಿಗರೊಂದಿಗೆ ಒಂದು ಸರಳ ವಿಧಾನ ಕೊಟ್ಟರು. ಅದನ್ನು ಇಂದಿಗೂ ಆಸ್ಪತ್ರೆಗಳಲ್ಲಿ ಬಳಸುತ್ತಾರೆ. ನೋಡಬೇಕಾದ್ದು ಇಷ್ಟು: ಬದಲಾವಣೆ ಇದ್ದಕ್ಕಿದ್ದಂತೆ ಬಂದಿದೆಯೇ, ಗಳಿಗೆಗೊಂದು ತರ ಇದ್ದಾರೆಯೇ, ಒಂದು ವಿಷಯದ ಮೇಲೆ ಗಮನ ನಿಲ್ಲುತ್ತಿಲ್ಲವೇ, ಇವೆರಡರ ಜೊತೆಗೆ ಮಾತು ಎಲ್ಲಿಂದೆಲ್ಲಿಗೋ ಹೋಗುತ್ತಿದೆಯೇ, ಇಲ್ಲವೇ ಎಚ್ಚರದಲ್ಲಿ ವ್ಯತ್ಯಾಸ ಇದೆಯೇ. ಬೆಳಿಗ್ಗೆ ಸರಿ, ಸಂಜೆ ಗೊಂದಲ, ಮಧ್ಯರಾತ್ರಿ ರಂಪ, ಇದೇ ಅದರ ಲಕ್ಷಣ. ಡಾಕ್ಟರು ರೌಂಡ್ಸಿಗೆ ಬರುವ ಹೊತ್ತಿಗೆ ಅಜ್ಜ ಚೆನ್ನಾಗಿ ಮಾತಾಡಬಹುದು. ಆದ್ದರಿಂದ ರಾತ್ರಿ ಕಂಡದ್ದನ್ನು ನೀವೇ ಹೇಳಬೇಕು.

ಒಂದು ಮಾತು ಇಲ್ಲೇ ಹೇಳಿಬಿಡುತ್ತೇವೆ. “ಇವತ್ತು ಯಾವ ತಾರೀಕು?” ಎಂದು ಕೇಳಿ, ಉತ್ತರ ಬರಲಿಲ್ಲವೆಂದು ಅಜ್ಜಿಗೆ ಬುದ್ಧಿ ಹೋಗಿದೆ ಎನ್ನುವುದು ಸರಿಯಲ್ಲ. ಶಾಲೆಗೆ ಹೋಗದ, ಕ್ಯಾಲೆಂಡರ್ ನೋಡದ ಅಜ್ಜಿಗೆ ಆರೋಗ್ಯವಾಗಿದ್ದಾಗಲೂ ತಾರೀಕು ಗೊತ್ತಿರಲಿಲ್ಲ. ಹರಿಯಾಣದ ಬಲ್ಲಭಗಢದ ಹಳ್ಳಿಗಳಲ್ಲಿ ಓದು ಬಾರದ ಹಿರಿಯರಿಗೆಂದೇ 1990ರ ದಶಕದಲ್ಲಿ ಬೇರೆ ತರದ ಪ್ರಶ್ನೆಗಳನ್ನು ಸಿದ್ಧಪಡಿಸಿದರು. ಅದರಲ್ಲಿ ಇದು ಬೆಳಿಗ್ಗೆಯೋ ಸಂಜೆಯೋ ಎಂದು ಕೇಳುವುದು, ವಾರದ ದಿನಗಳನ್ನು ಹಿಂದಿನಿಂದ ಮುಂದಕ್ಕೆ ಹೇಳಿಸುವುದು, ಹೀಗೆ ಇದೆ. ನೀವೂ ಹಾಗೇ ಕೇಳಬಹುದು. ಸಂತೆ ಯಾವ ದಿನ, ಈಗ ಕಾಫಿ ಹೂವಿನ ಕಾಲವೋ ಕೊಯ್ಲಿನ ಕಾಲವೋ, ಭಾನುವಾರದಿಂದ ಹಿಂದಕ್ಕೆ ದಿನ ಹೇಳಿ. ಆಪರೇಷನ್‌ಗೆ ಮೊದಲು ಒಂದು ಸಲ ಕೇಳಿ ಇಟ್ಟುಕೊಂಡಿದ್ದರೆ ಆಮೇಲೆ ಹೋಲಿಸಲು ಸುಲಭ.

ಸದ್ದಿಲ್ಲದ ಸನ್ನಿ

ಗಲಾಟೆ ಮಾಡುವವರನ್ನು ಎಲ್ಲರೂ ಗಮನಿಸುತ್ತಾರೆ. ಇದಕ್ಕೆ ಇನ್ನೊಂದು ಮುಖವಿದೆ. ವಯಸ್ಸಾದವರಲ್ಲಿ ಅದೇ ಹೆಚ್ಚು, ಮತ್ತು ಅದು ಹೆಚ್ಚಾಗಿ ಯಾರ ಕಣ್ಣಿಗೂ ಬೀಳುವುದಿಲ್ಲ. ಇದನ್ನು ಬರೆಯುವಾಗ ನಮಗೆ ಸಂಕಟವಾಗುತ್ತದೆ.

ಕೆಲವು ವರ್ಷಗಳ ಹಿಂದೆ ಸಣ್ಣ ಹಿಡುವಳಿದಾರರಾದ ಹಿರಿಯರೊಬ್ಬರಿಗೆ ಹೊಟ್ಟೆಯ ಆಪರೇಷನ್ ಆಗಿತ್ತು. ನಾವು ನೋಡಲು ಹೋದಾಗ ಅವರು ಕಣ್ಣು ಮುಚ್ಚಿ ಮಲಗಿದ್ದರು. ಕರೆದರೆ ಕಣ್ಣು ಬಿಟ್ಟು, ‘ಹೂಂ’ ಎಂದು ಮತ್ತೆ ಮುಚ್ಚುತ್ತಿದ್ದರು. ಹೆಂಡತಿ ಕುಡಿಸಿದ ಗಂಜಿ ಕೆನ್ನೆಯಲ್ಲೇ ಉಳಿದಿತ್ತು. “ಎಷ್ಟು ಶಾಂತವಾಗಿದ್ದಾರೆ, ಒಂಚೂರೂ ತೊಂದರೆ ಕೊಡಲ್ಲ” ಎಂದರು ಮನೆಯವರು. ನಾವೂ ಹೌದು ಹೌದು, ನಿದ್ದೆ ಮಾಡಲಿ ಎಂದು ಪ್ರಾರ್ಥಿಸಿ ಬಂದೆವು. ಸಮಾಜಕಾರ್ಯದಲ್ಲಿ ಸ್ನಾತಕೋತ್ತರ ಪದವಿ ಪಡೆದವರು ನಾವು, ಎಷ್ಟೋ ವಾರ್ಡುಗಳನ್ನು ಸುತ್ತಿದವರು. ಆದರೂ ಅದು ನಿದ್ದೆಯಲ್ಲ ಎಂದು ತಿಳಿಯಲಿಲ್ಲ. ಎರಡು ದಿನದ ಮೇಲೆ ಉಸಿರಾಟ ಕಷ್ಟವಾಗಿ ಐಸಿಯುಗೆ ಹಾಕಿದರು. ನ್ಯುಮೋನಿಯಾ. ಅವರು ಮನೆಗೆ ಮರಳಲಿಲ್ಲ.

ಮೊದಲೇ ಹೇಳಿದ್ದರೆ ಉಳಿಯುತ್ತಿದ್ದರೋ ಇಲ್ಲವೋ, ಅದು ಬೇರೆ ಮಾತು. ನಾವು ಹೇಳಲಿಲ್ಲ ಎಂಬುದಂತೂ ನಿಜ. ಆದ್ದರಿಂದ ಈಗ ಪ್ರತಿ ಸಭೆಯಲ್ಲೂ ಹೇಳುತ್ತೇವೆ: ಆಪರೇಷನ್ ಆಗಿ ಎರಡು ದಿನವಾದ ಮೇಲೂ ಹಗಲೆಲ್ಲ ತೂಕಡಿಸುತ್ತಿದ್ದರೆ, ಕರೆದರೆ ಮಾತು ಮುಂದುವರಿಸದಿದ್ದರೆ, ಬಾಯಲ್ಲಿಟ್ಟ ಅನ್ನ ನುಂಗದಿದ್ದರೆ, ಅವರಿಗೆ ಗಂಜಿ ಕುಡಿಸುವುದನ್ನು ನಿಲ್ಲಿಸಿ ನರ್ಸಮ್ಮನನ್ನು ಕರೆಯಿರಿ. “ಇವರು ಹೀಗಿರೋರಲ್ಲ” ಎಂದು ಹೇಳಿ. ಡಾಕ್ಟರಿಗೆ ಅಷ್ಟು ಸಾಕು, ಅವರಿಗೆ ಗೊತ್ತಿಲ್ಲದ್ದೇ ಅದು. ನಿಮ್ಮಪ್ಪ ಮೊದಲು ಹೇಗಿದ್ದರು ಎಂಬುದು ಯಾವ ಸ್ಕ್ಯಾನಿಂಗಿನಲ್ಲೂ ಬರುವುದಿಲ್ಲ.

ಮತ್ತಿನ ಔಷಧದ್ದೇ ತಪ್ಪೇ?

“ಆಪರೇಷನ್ ಆದ ಮೇಲೆ ನಮ್ಮಪ್ಪ ಮೊದಲಿನಂಗಿಲ್ಲ” ಎಂಬ ಮಾತು ನಮ್ಮೂರಲ್ಲಿ ಮಾತ್ರ ಕೇಳುವುದಲ್ಲ. ಇಂಗ್ಲೆಂಡಿನ ಬೆಡ್‌ಫೋರ್ಡ್ ಎಂಬ ವೈದ್ಯರು ರೋಗಿಗಳ ಮನೆಯವರಿಂದ ಇದೇ ದೂರನ್ನು ಮತ್ತೆ ಮತ್ತೆ ಕೇಳಿದರು. 50 ವರ್ಷ ದಾಟಿದ, ಅರಿವಳಿಕೆಯಲ್ಲಿ ಆಪರೇಷನ್ ಆದ 1,193 ಜನರ ವಿವರ ಪರಿಶೀಲಿಸಿ 1955ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಬರೆದರು. ತೀರಾ ಅಗತ್ಯವಿದ್ದರೆ ಮಾತ್ರ ವಯಸ್ಸಾದವರಿಗೆ ಆಪರೇಷನ್ ಮಾಡಿ ಎಂದರು. ಮುಂದೆ 1998ರಲ್ಲಿ ಹಲವು ದೇಶಗಳ ವೈದ್ಯರು ಕೂಡಿ, 60 ದಾಟಿದ 1,218 ಜನರಿಗೆ ದೊಡ್ಡ ಆಪರೇಷನ್‌ಗೆ ಮೊದಲೂ ಆಮೇಲೂ ನೆನಪಿನ ಪರೀಕ್ಷೆ ಮಾಡಿದ್ದನ್ನು ಪ್ರಕಟಿಸಿದರು. ಒಂದು ವಾರಕ್ಕೆ ಶೇ. 25.8 ಜನರಲ್ಲಿ ನೆನಪು, ಲೆಕ್ಕ, ಗಮನ ಹಿಂದೆ ಬಿದ್ದಿತ್ತು. ಮೂರು ತಿಂಗಳಿಗೆ ಅದು ಶೇ. 9.9ಕ್ಕೆ ಇಳಿದಿತ್ತು. ಆಪರೇಷನ್ ಇಲ್ಲದ ಅದೇ ವಯಸ್ಸಿನವರಲ್ಲಿ ಮೂರು ತಿಂಗಳ ಲೆಕ್ಕ ಶೇ. 2.8. ಇದರಿಂದ ಎರಡು ವಿಷಯ ಗೊತ್ತಾಗುತ್ತದೆ: ತೊಂದರೆ ಇರುವುದು ನಿಜ, ಮತ್ತು ಹೆಚ್ಚಿನವರು ಸುಧಾರಿಸಿಕೊಳ್ಳುತ್ತಾರೆ.

ಹಾಗಾದರೆ ಪೂರ್ತಿ ಮತ್ತು ಕೊಡದೆ ಬೆನ್ನಿಗೆ ಇಂಜೆಕ್ಷನ್ ಕೊಟ್ಟು ಮಾಡಿದರೆ ತಪ್ಪಿಸಬಹುದೇ? ಬಹಳ ಜನ ಹಾಗೇ ನಂಬಿದ್ದರು, ನಾವೂ ನಂಬಿದ್ದೆವು. ಅಮೆರಿಕ ಮತ್ತು ಕೆನಡಾದಲ್ಲಿ ಸೊಂಟ ಮುರಿದ 1,600 ಜನರಲ್ಲಿ ಅರ್ಧ ಜನರಿಗೆ ಬೆನ್ನಿನ ಇಂಜೆಕ್ಷನ್, ಅರ್ಧ ಜನರಿಗೆ ಪೂರ್ತಿ ಅರಿವಳಿಕೆ ಕೊಟ್ಟು ನೋಡಿದರು. 2021ರಲ್ಲಿ ಫಲಿತಾಂಶ ಬಂತು. ಸನ್ನಿ ಎರಡೂ ಕಡೆ ಹೆಚ್ಚುಕಡಿಮೆ ಒಂದೇ, ಐವರಲ್ಲಿ ಒಬ್ಬರಿಗೆ. ಆದ್ದರಿಂದ ಯಾವ ತರದ ಮತ್ತು ಎಂಬುದನ್ನು ಹೃದಯ, ಶ್ವಾಸಕೋಶ ನೋಡಿ ಅರಿವಳಿಕೆ ತಜ್ಞರು ತೀರ್ಮಾನಿಸಲಿ. ಆ ವಿಷಯಕ್ಕೆ ಜಗಳ ಬೇಡ.

ಮತ್ತೆ ಕಾರಣ ಏನು? ಮಳೆಗಾಲದಲ್ಲಿ ನಮ್ಮೂರ ಕರೆಂಟು ಹೇಗಿರುತ್ತದೆಂದು ನಿಮಗೆ ಗೊತ್ತು. ವೋಲ್ಟೇಜ್ ಮೊದಲೇ ಕಡಿಮೆ. ಆ ಹೊತ್ತಿನಲ್ಲಿ ಒಬ್ಬರು ಪಂಪ್‌ಸೆಟ್ ಹಾಕಿ, ಇನ್ನೊಬ್ಬರು ಮಿಕ್ಸಿ ಹಾಕಿದರೆ ಟ್ಯೂಬ್‌ಲೈಟ್ ಮಿಣುಕಿ ಆರುತ್ತದೆ. ಟ್ಯೂಬ್ ಹಾಳಾಗಿರುವುದಿಲ್ಲ. ವಯಸ್ಸಾದ ಮೆದುಳಿನ ಶಕ್ತಿಯೂ ಹಾಗೆ, ದಿನನಿತ್ಯಕ್ಕೆ ಸಾಕಾಗುವಷ್ಟು ಇರುತ್ತದೆ. ಮೂಳೆ ಮುರಿತದ ಏಟು, ಆಪರೇಷನ್‌ನಿಂದ ಮೈಯೆಲ್ಲ ಏಳುವ ಉರಿಯೂತ, ನೋವು, ನಿದ್ದೆಗೇಡು, ನೀರು ಸಾಲದಿರುವುದು, ಸೋಡಿಯಂ ಇಳಿಯುವುದು, ಮೂತ್ರದ ಸೋಂಕು, ಮಲಬದ್ಧತೆ, ಕೆಲವು ಔಷಧಗಳು, ಇವೆಲ್ಲ ಒಟ್ಟಿಗೆ ಬಿದ್ದಾಗ ದೀಪ ಮಿಣುಕುತ್ತದೆ. ಮತ್ತಿನ ಔಷಧ ಇವುಗಳಲ್ಲಿ ಒಂದು ಮಾತ್ರ. ಮೊದಲೇ ಮರೆವು ಇದ್ದವರಿಗೆ, ಕಿವಿ ಮಂದ ಇದ್ದವರಿಗೆ, ಕಣ್ಣು ಕಾಣದವರಿಗೆ ಅಪಾಯ ಜಾಸ್ತಿ. ನಮ್ಮ ದೇಶದಲ್ಲಿ 60 ದಾಟಿದವರಲ್ಲಿ ಶೇ. 7.4 ಜನರಿಗೆ ಮರೆವಿನ ಕಾಯಿಲೆ ಇದೆ ಎಂದು 2023ರಲ್ಲಿ ಪ್ರಕಟವಾದ ದೊಡ್ಡ ಸಮೀಕ್ಷೆ ಅಂದಾಜು ಮಾಡಿದೆ. ಮನೆಯವರು ಅದನ್ನು ಗಮನಿಸಿರುವುದಿಲ್ಲ, “ಅರುವತ್ತಕ್ಕೆ ಅರಳುಮರುಳು” ಎಂದು ಗಾದೆ ಹೇಳಿ ಸುಮ್ಮನಾಗಿರುತ್ತಾರೆ. ಈ ಗಾದೆಯಿಂದ ಆದಷ್ಟು ಹಾನಿ ಮತ್ತಾವುದರಿಂದಲೂ ಆಗಿಲ್ಲವೇನೋ!

ಭಯಪಟ್ಟು ತಡಮಾಡುವುದೂ ತಪ್ಪು. 17 ದೇಶಗಳ 2,970 ಜನರ ಮೇಲೆ ನಡೆದು 2020ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಸೊಂಟ ಮುರಿದವರಿಗೆ ಬೇಗನೆ ಆಪರೇಷನ್ ಮಾಡಿದಾಗ ಸನ್ನಿ ಬಂದದ್ದು ಶೇ. 9 ಜನರಿಗೆ, ಸಾಮಾನ್ಯ ಕ್ರಮದಲ್ಲಿ ಕಾದು ಮಾಡಿದಾಗ ಶೇ. 12. ಎಣ್ಣೆ ಉಜ್ಜುತ್ತ ಕಳೆದ ಆ ನಾಲ್ಕು ದಿನ ನಮ್ಮ ಅಜ್ಜಿಗೆ ಒಳ್ಳೆಯದನ್ನಂತೂ ಮಾಡಲಿಲ್ಲ.

ಹೋಗುವ ಮೊದಲು ಚೀಲಕ್ಕೆ ಏನು ಹಾಕಬೇಕು

ಆಸ್ಪತ್ರೆಗೆ ಹೊರಡುವಾಗ ಮನೆಯವರು ಮೊದಲು ಮಾಡುವ ಕೆಲಸ ಅಜ್ಜಿಯ ಕನ್ನಡಕ ತೆಗೆದು ಕಪಾಟಿನಲ್ಲಿ ಇಡುವುದು, ಕಳೆದುಹೋಗಬಾರದೆಂದು! ಹಲ್ಲಿನ ಸೆಟ್ಟಿಗೂ ಅದೇ ಗತಿ. ಕಿವಿ ಯಂತ್ರ ಇದ್ದವರು ನಮ್ಮಲ್ಲಿ ಕಡಿಮೆ, ಇದ್ದರೆ ಅದಕ್ಕೂ. ಇವು ಮೂರೂ ಆಸ್ಪತ್ರೆಯಲ್ಲಿ ಜೊತೆಗಿರಬೇಕು. ಆಪರೇಷನ್ ಥಿಯೇಟರಿಗೆ ಹೋಗುವಾಗ ತೆಗೆಯುತ್ತಾರೆ, ಸರಿ. ಎಚ್ಚರವಾದ ಕೂಡಲೇ ಹಾಕಿಸಿ. ಕಾಣದೆ, ಕೇಳದೆ, ಗೊತ್ತಿಲ್ಲದ ಕೋಣೆಯಲ್ಲಿ ಎದ್ದರೆ ನಮಗೂ ನಿಮಗೂ ತಲೆ ತಿರುಗುವುದಿಲ್ಲವೇ?

ತಿನ್ನುವ ಮಾತ್ರೆಗಳ ಹಾಳೆಗಳನ್ನೆಲ್ಲ ಒಂದು ಚೀಲಕ್ಕೆ ಹಾಕಿಕೊಂಡು ಹೋಗಿ. ಬಿಪಿಯದ್ದು, ಸಕ್ಕರೆ ಕಾಯಿಲೆಯದ್ದು ಮಾತ್ರವಲ್ಲ, ಮೆಡಿಕಲ್ ಶಾಪಿನಿಂದ ತಂದ ನಿದ್ದೆ ಮಾತ್ರೆ, ನೆಗಡಿ ಮಾತ್ರೆ, ತುರಿಕೆಗೆ ತಿನ್ನುವ ಅವಿಲ್, ಬಸ್ಸಿನಲ್ಲಿ ವಾಂತಿಗೆ ತಿನ್ನುವ ಮಾತ್ರೆ, ನಾಟಿ ಔಷಧಿ ಎಲ್ಲ. ಇವುಗಳಲ್ಲಿ ಕೆಲವು ವಯಸ್ಸಾದವರ ತಲೆ ಮಂಕು ಮಾಡುತ್ತವೆ. ನಿದ್ದೆ ಮಾತ್ರೆಯನ್ನು ವರ್ಷಗಟ್ಟಲೆ ತಿಂದವರು ಒಮ್ಮೆಗೇ ಬಿಟ್ಟರೂ ಅಪಾಯ. ಅದಕ್ಕೇ ಡಾಕ್ಟರಿಗೆ ಗೊತ್ತಿರಬೇಕು.

ಕುಡಿತದ ವಿಷಯ. ನಮ್ಮ ತೋಟಗಳಲ್ಲಿ ಇದನ್ನು ಮುಚ್ಚಿಡುವುದು ಬೇಡ. 2007ರಲ್ಲಿ ಸಾರಾಯಿ ನಿಂತಿತು, ಕುಡಿತ ನಿಲ್ಲಲಿಲ್ಲ. ಗಂಡಸರ ಹಾಗೆ ಕೆಲವು ಅಜ್ಜಿಯರೂ ಮೈಕೈ ನೋವಿಗೆಂದು ದಿನಾ ಸ್ವಲ್ಪ ತೆಗೆದುಕೊಳ್ಳುತ್ತಾರೆ. ಆಸ್ಪತ್ರೆಗೆ ಸೇರಿದ ದಿನ ಕುಡಿತ ಒಮ್ಮೆಗೇ ನಿಂತು, ಎರಡು ಮೂರನೇ ದಿನ ಕೈನಡುಕ, ಬೆವರು, ಇಲ್ಲದ್ದು ಕಾಣುವುದು ಶುರುವಾಗುತ್ತದೆ. ಇದು ಜೀವಕ್ಕೇ ಅಪಾಯ ತರಬಲ್ಲ ಬೇರೆ ತರದ ಸನ್ನಿ, ಇದರ ಚಿಕಿತ್ಸೆಯೂ ಬೇರೆ. ಮೊದಲೇ ಹೇಳಿದರೆ ಡಾಕ್ಟರು ವ್ಯವಸ್ಥೆ ಮಾಡುತ್ತಾರೆ. ಸಿಸ್ಟರ್ ಎದುರಿಗಿದ್ದಾರೆ ಎಂದು ನಾಚಿಕೆಪಟ್ಟು “ಇಲ್ಲ ಇಲ್ಲ, ಮುಟ್ಟೋದೇ ಇಲ್ಲ” ಎಂದು ಸುಳ್ಳು ಹೇಳಿದವರನ್ನು ನಾವು ನೋಡಿದ್ದೇವೆ. ಬೇಕಾದರೆ ನಾವು ಹೊರಗೆ ಹೋಗಿ ನಿಲ್ಲುತ್ತೇವೆ, ನಿಜ ಹೇಳಿ. ಹೊಗೆಸೊಪ್ಪು ಹಾಕಿ ಎಲೆಅಡಿಕೆ ಜಗಿಯುವವರೂ ಹೇಳಬೇಕು, ಅದು ಒಮ್ಮೆಗೇ ತಪ್ಪಿದರೂ ಚಡಪಡಿಕೆ ಬರುತ್ತದೆ.

ಊಟ, ನೀರು ಎಷ್ಟು ಗಂಟೆಗೆ ನಿಲ್ಲಿಸಬೇಕು ಎಂದು ಬಿಡಿಸಿ ಕೇಳಿ. ಸಾಮಾನ್ಯವಾಗಿ ಊಟಕ್ಕೆ ಒಂದು ಸಮಯ, ಬರೀ ನೀರಿಗೆ ಇನ್ನೊಂದು ಸಮಯ ಇರುತ್ತದೆ. ನಮ್ಮವರು ಹಿಂದಿನ ರಾತ್ರಿಯಿಂದಲೇ ಒಂದು ಗುಟುಕೂ ಕೊಡದೆ, ಆಪರೇಷನ್ ಮಧ್ಯಾಹ್ನಕ್ಕೆ ಹೋದರೂ ಹಾಗೇ ಒಣಗಿಸುತ್ತಾರೆ.

ಪಕ್ಕದಲ್ಲಿ ಯಾರು ಇರಬೇಕು

ಇದು ಈ ಪಾಠದ ಮುಖ್ಯ ಭಾಗ. ಬೋಸ್ಟನ್ನಿನಲ್ಲಿ ಸೊಂಟ ಮುರಿದ 126 ವೃದ್ಧರಲ್ಲಿ ಅರ್ಧದಷ್ಟು ಜನರನ್ನು ವೃದ್ಧರ ವೈದ್ಯರು ದಿನಾ ನೋಡಿ, ನೋವು, ನೀರು, ಮೂತ್ರದ ಪೈಪ್, ಮಲವಿಸರ್ಜನೆ, ಔಷಧ, ನಡೆದಾಟ ಇಂಥ ಚಿಕ್ಕ ಚಿಕ್ಕ ಸಂಗತಿಗಳನ್ನು ಸರಿಮಾಡುತ್ತ ಹೋದರು. ಅವರಲ್ಲಿ ಶೇ. 32 ಜನರಿಗೆ ಸನ್ನಿ ಬಂತು, ಉಳಿದವರಲ್ಲಿ ಶೇ. 50. ಇದು 2001ರ ವರದಿ. ಹೊಸ ಮೆಷಿನ್ ಇಲ್ಲ, ದುಬಾರಿ ಇಂಜೆಕ್ಷನ್ ಇಲ್ಲ. ನಮ್ಮ ಕಡೆ ವೃದ್ಧರಿಗೆಂದೇ ಬೇರೆ ವೈದ್ಯರು ಸಿಗುವುದು ಕಷ್ಟ. ಆದರೆ ಮನೆಯವರು ಇರುತ್ತಾರೆ. ಎಷ್ಟೋ ದೇಶಗಳಲ್ಲಿ ರೋಗಿಯ ಪಕ್ಕ ರಾತ್ರಿ ಮಲಗಲು ಮನೆಯವರನ್ನು ಬಿಡುವುದಿಲ್ಲ, ನಮ್ಮಲ್ಲಿ ಒಬ್ಬರು ಇರಲೇಬೇಕು ಎನ್ನುತ್ತಾರೆ. ಆ ಒಬ್ಬರು ಯಾರು ಎಂಬುದರ ಮೇಲೆ ಬಹಳಷ್ಟು ನಿಂತಿದೆ.

ಸಾಮಾನ್ಯವಾಗಿ ಏನಾಗುತ್ತದೆ? ಯಾರಿಗೆ ಕೆಲಸ ಇಲ್ಲವೋ ಅವರನ್ನು ಕಳಿಸುತ್ತೇವೆ. ಮೊಬೈಲ್ ನೋಡುತ್ತ ಕೂರುವ ಮೊಮ್ಮಗ, ಒಂದು ದಿನ ಬಂದು ಹೋಗುವ ನೆಂಟ. ಹಾಗಲ್ಲ. ಅಜ್ಜಿಯ ಮಾತು, ಭಾಷೆ, ಸ್ವಭಾವ ಬಲ್ಲವರು ಮೊದಲ ಮೂರು ರಾತ್ರಿ ಇರಬೇಕು. ಮನೆಮಾತು ತುಳುವೋ ಕೊಂಕಣಿಯೋ ತಮಿಳೋ ಬ್ಯಾರಿಯೋ, ಅದನ್ನು ಬಲ್ಲವರೇ ಇರಲಿ. ಗೊಂದಲದಲ್ಲಿ ಕಲಿತ ಭಾಷೆ ಮೊದಲು ಜಾರುತ್ತದೆ, ತಾಯಿ ಹೇಳಿಕೊಟ್ಟದ್ದು ಉಳಿಯುತ್ತದೆ. ಬಡಬಡಿಕೆಯ ನಡುವೆ ನೋವು, ಬಾಯಾರಿಕೆ, ಮೂತ್ರ ಎಂಬ ಮಾತು ಬಂದರೆ ಅದು ಬಡಬಡಿಕೆಯಲ್ಲ. ನಿಂತು ಕೇಳಿ, ನರ್ಸಮ್ಮನಿಗೆ ಕನ್ನಡದಲ್ಲಿ ತಿಳಿಸಿ.

ಹಗಲು ಕಿಟಕಿ ತೆರೆಸಿ, ಎಬ್ಬಿಸಿ ಕೂರಿಸಿ, ಡಾಕ್ಟರು ಹೇಳಿದ ಕೂಡಲೇ ನಡೆಸಿ. ರಾತ್ರಿ ದೀಪ ಸಣ್ಣದು ಮಾಡಿ ಮಲಗಲು ಬಿಡಿ. ಇಡೀ ಲೈನಿನ ಜನ ಜೀಪು ಮಾಡಿಕೊಂಡು ನೋಡಲು ಬರುವುದು ಬೇಡ, ಪ್ರೀತಿ ಇದ್ದರೆ ಒಬ್ಬೊಬ್ಬರಾಗಿ ಬನ್ನಿ. “ಇದು ಆಸ್ಪತ್ರೆ, ನಿಮಗೆ ಕಾಲಿನ ಆಪರೇಷನ್ ಆಗಿದೆ, ನಾನು ನಿಮ್ಮ ಸೊಸೆ” ಎಂದು ಗಂಟೆಗೊಮ್ಮೆ ಸಮಾಧಾನದಲ್ಲಿ ಹೇಳಿ. ಮನೆಯ ಕಂಬಳಿ, ಕೈಗೆ ಅಭ್ಯಾಸವಾದ ಜಪಸರ ಇರಲಿ. ಕಣದಲ್ಲಿ ಮಳೆ ಬಂತು ಎಂದು ಕೂಗಿದರೆ “ಯಾವ ಕಣ, ಯಾವ ಮಳೆ, ಸುಮ್ನಿರು” ಎಂದು ಗದರಬೇಡಿ. “ಟಾರ್ಪಾಲ್ ಹಾಕಿಸ್ತೀವಿ, ನೀವು ಮಲಗಿ” ಎಂದರೆ ಗಂಟೇನೂ ಹೋಗುವುದಿಲ್ಲ.

ಕೈಕಾಲು ಕಟ್ಟಿದರೆ ಭಯ ಇನ್ನೂ ಹೆಚ್ಚುತ್ತದೆ. “ನಾನು ಪಕ್ಕದಲ್ಲೇ ಕೈ ಹಿಡ್ಕೊಂಡು ಕೂರ್ತೀನಿ, ಕಟ್ಟಬೇಡಿ” ಎಂದು ವಿನಯದಿಂದ ಕೇಳಿ. ವಾರ್ಡಿನಲ್ಲಿ ಮೂವತ್ತು ಜನರಿಗೆ ಒಬ್ಬ ನರ್ಸ್ ಇರುವಾಗ ಅವರ ಕಷ್ಟವೂ ನಮಗೆ ಅರ್ಥವಾಗಬೇಕು. ಹಾಗೆಯೇ, “ಏನಾದ್ರೂ ನಿದ್ದೆ ಇಂಜೆಕ್ಷನ್ ಕೊಟ್ಟು ಮಲಗಿಸಿ” ಎಂದು ಒತ್ತಾಯಿಸುವವರು ಹೆಚ್ಚಾಗಿ ನಾವೇ. ಕೆಲವು ನಿದ್ದೆ ಔಷಧಗಳು ಸನ್ನಿಯನ್ನು ಇನ್ನೂ ಉದ್ದ ಮಾಡುತ್ತವೆ. ಮೊದಲು ಕಾರಣ ಹುಡುಕಿ ಎಂದು ಕೇಳಿ: ಮೂತ್ರ ಹೋಗಿದೆಯಾ, ಮಲ ಹೋಗಿ ಎಷ್ಟು ದಿನವಾಯ್ತು, ನೋವಿಗೆ ಔಷಧಿ ಕೊಟ್ಟಿದ್ದೀರಾ, ಸೋಡಿಯಂ ಎಷ್ಟಿದೆ, ಜ್ವರ ಇದೆಯಾ.

ಮನೆಗೆ ಬಂದ ಮೇಲೆ

ನಮ್ಮ ಅಜ್ಜಿ ಮನೆಗೆ ಬಂದಾಗ ಲೈನಿನಲ್ಲಿ ಸುದ್ದಿ ಆಗಲೇ ಹರಡಿತ್ತು. ಮಂತ್ರ ಹಾಕಿಸಲು ಕರೆದುಕೊಂಡು ಹೋಗುವ ಏರ್ಪಾಡೂ ಆಗಿತ್ತು. ಅಜ್ಜಿಗೆ ಆ ರಾತ್ರಿಯ ಸ್ವಲ್ಪ ಭಾಗ ನೆನಪಿತ್ತು. “ನನ್ನ ಕೈ ಯಾಕೆ ಕಟ್ಟಿದ್ರು? ನಾನೇನು ಕದ್ದೆ?” ಎಂದು ನಮ್ಮನ್ನು ಕೇಳಿದರು. ಏನು ಹೇಳುವುದು? ಪಕ್ಕದಲ್ಲಿ ಕೂತು, ನಿಮಗೆ ಕಾಯಿಲೆಯಿಂದ ಹಾಗಾಯಿತು, ನಿಮ್ಮ ತಪ್ಪೇನೂ ಇಲ್ಲ ಎಂದು ಹೇಳಿದೆವು. ಅಷ್ಟು ಮಾತನ್ನು ಅದುವರೆಗೆ ಯಾರೂ ಅವರಿಗೆ ಹೇಳಿರಲಿಲ್ಲ.

ಎರಡು ತಿಂಗಳು ಕಷ್ಟವೇ ಆಯಿತು. ಕಾಫಿಗೆ ಉಪ್ಪು ಹಾಕಿದರು, ಒಲೆ ಆರಿಸುವುದು ಮರೆತರು, ನೋಟು ಎಣಿಸಲು ಆಗಲಿಲ್ಲ. ಸೊಸೆ ಒಲೆಯ ಕೆಲಸ ತಾನು ಇಟ್ಟುಕೊಂಡು ಬೆಳ್ಳುಳ್ಳಿ ಸುಲಿಯುವುದು, ಮೆಣಸು ಆರಿಸುವುದನ್ನು ಅತ್ತೆಗೆ ಬಿಟ್ಟಳು. ಒಳ್ಳೆಯ ಉಪಾಯ. ಕೊಯ್ಲಿನ ಹೊತ್ತಿಗೆ ಅಜ್ಜಿ ಕಣದ ಪಕ್ಕ ಬಿಸಿಲಲ್ಲಿ ಕೂತು ಮಕ್ಕಳಿಗೆ ಹೇಗೆ ಬೇಕೋ ಹಾಗೆ ಬಯ್ಯುತ್ತಿದ್ದರು. ಆದರೆ ಮೊದಲಿನ ಹಾಗೆ ಸಂಘದ ಲೆಕ್ಕವನ್ನು ಬಾಯಲ್ಲೇ ಹೇಳುವುದು ಮತ್ತೆ ಬರಲಿಲ್ಲ. ಎಲ್ಲರೂ ಪೂರ್ತಿ ಮೊದಲಿನಂತಾಗುತ್ತಾರೆ ಎಂದು ನಾವು ಹೇಳುವುದಿಲ್ಲ. ಸನ್ನಿ ಬಂದು ಹೋದವರಲ್ಲಿ ಮುಂದೆ ಮರೆವಿನ ಕಾಯಿಲೆ ಬರುವ ಸಾಧ್ಯತೆ ಹೆಚ್ಚು. ಕೆಲವರಲ್ಲಿ ಅದು ಮೊದಲೇ ಇದ್ದು, ಆಪರೇಷನ್ ಆದ ಮೇಲೆ ಹೊರಗೆ ಕಂಡಿರುತ್ತದೆ. ಒಂದು ತಿಂಗಳಾದರೂ ಸುಧಾರಣೆ ಕಾಣದಿದ್ದರೆ ಪ್ರಾಥಮಿಕ ಆರೋಗ್ಯ ಕೇಂದ್ರದ ಡಾಕ್ಟರಿಗೆ ತೋರಿಸಿ, ಜಿಲ್ಲಾ ಆಸ್ಪತ್ರೆಯ ಮನೋವೈದ್ಯರಿಗೆ ಚೀಟಿ ಕೇಳಿ. ಟೆಲಿ ಮಾನಸ್‌ನ 14416ಕ್ಕೆ ಫೋನ್ ಮಾಡಿದರೂ ಮಾತಾಡುತ್ತಾರೆ. ಮನೆಗೆ ಬಂದವರು ಮತ್ತೆ ಇದ್ದಕ್ಕಿದ್ದಂತೆ ಗೊಂದಲಕ್ಕೆ ಬಿದ್ದರೆ ತಿಂಗಳು ಕಾಯಬೇಡಿ, ಅದೇ ದಿನ ಕರೆದೊಯ್ಯಿರಿ.

ಹೆಬ್ಬೆಟ್ಟಿನ ವಿಷಯ

ಅಜ್ಜಿಯ ಹೆಸರಿನಲ್ಲಿ ಬ್ಯಾಂಕಿನಲ್ಲಿ ಪಿ.ಎಫ್. ಹಣದ ಒಂದು ಡಿಪಾಸಿಟ್ ಇತ್ತು. ಆಸ್ಪತ್ರೆಯಿಂದ ಬಂದ ಎರಡನೇ ವಾರ ಮಕ್ಕಳಲ್ಲಿ ಒಬ್ಬ ಕಾಗದ ತಂದ. “ಅಮ್ಮನ ಬುದ್ಧಿ ಇನ್ನೂ ಕೆಡೋ ಮೊದಲು ಹೆಬ್ಬೆಟ್ಟು ಹಾಕಿಸ್ಕೊಳ್ಳಣ.” ಕೆಟ್ಟ ಮಗ ಎಂದು ನಾವು ಹೇಳುವುದಿಲ್ಲ, ಆಸ್ಪತ್ರೆ ಸಾಲ ಅವನ ತಲೆ ಮೇಲಿತ್ತು. ತಡೆದವರು ಸಂಘದ ಹೆಂಗಸರು. ಅವರು ಕಾನೂನು ಓದಿದವರಲ್ಲ, ಆದರೆ ಕಾನೂನು ಅವರ ಕಡೆಗೇ ಇದೆ. 1872ರ ಕರಾರು ಕಾಯ್ದೆಯ 12ನೇ ಕಲಮಿನಲ್ಲಿ, ಜ್ವರದಿಂದ ಸನ್ನಿ ಹಿಡಿದವನು ಆ ಸ್ಥಿತಿ ಇರುವವರೆಗೆ ಕರಾರು ಮಾಡಲಾರ ಎಂದು ಉದಾಹರಣೆಯನ್ನೇ ಕೊಟ್ಟಿದ್ದಾರೆ. 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಂ ಪ್ರಕಾರ, ಕಾಯಿಲೆಯಿಂದ ತಾನು ಏನು ಮಾಡುತ್ತಿದ್ದೇನೆಂದು ತಿಳಿಯದ ಸ್ಥಿತಿಯಲ್ಲಿ ಉಯಿಲು ಬರೆಯುವಂತಿಲ್ಲ. ಹಾಗೆಂದು, ಒಮ್ಮೆ ಸನ್ನಿ ಬಂದವರಿಗೆ ಜನ್ಮಪೂರ್ತಿ ಸಹಿಯ ಹಕ್ಕು ಹೋಯಿತು ಎಂದೂ ಅಲ್ಲ. ಬುದ್ಧಿ ತಿಳಿಯಾದ ಮೇಲೆ ಅವರೇ ತೀರ್ಮಾನಿಸಬಹುದು. ನಮ್ಮ ಅಜ್ಜಿ ಕೊಯ್ಲು ಮುಗಿದ ಮೇಲೆ ತಾವೇ ಬ್ಯಾಂಕಿಗೆ ಹೋಗಿ ಸ್ವಲ್ಪ ಹಣ ತೆಗೆದು ಸಾಲಕ್ಕೆ ಕೊಟ್ಟರು, ಉಳಿದದ್ದನ್ನು ಬಿಡಲಿಲ್ಲ!

ಆಸ್ತಿ ಬರೆಸಿಕೊಂಡು ಆಮೇಲೆ ನೋಡಿಕೊಳ್ಳದಿದ್ದರೆ, ನೋಡಿಕೊಳ್ಳಬೇಕೆಂಬ ಷರತ್ತಿನ ಮೇಲೆ ಕೊಟ್ಟದ್ದನ್ನು ರದ್ದು ಮಾಡಿಸಲು 2007ರ ಹಿರಿಯ ನಾಗರಿಕರ ಕಾಯ್ದೆಯ 23ನೇ ಕಲಂ ಅವಕಾಶ ಕೊಡುತ್ತದೆ. ಅರ್ಜಿಯನ್ನು ಉಪವಿಭಾಗಾಧಿಕಾರಿಯವರ ಮುಂದೆ ಹಾಕಬೇಕು. ಹಿರಿಯರ ಸಹಾಯವಾಣಿ 14567, ಉಚಿತ ಕಾನೂನು ನೆರವಿಗೆ 15100.

ಮುಂದಿನ ಸಭೆಗೆ

ನಿಮ್ಮ ಸಂಘದ ಮನೆಗಳಲ್ಲಿ 65 ದಾಟಿದವರು ಯಾರಿಗೆ ಈ ವರ್ಷ ಆಪರೇಷನ್ ಆಗಲಿದೆ? ಅವರ ಮನೆಮಾತು ಯಾವುದು, ಆ ಮಾತು ಬಲ್ಲವರು ಸಂಘದಲ್ಲಿ ಯಾರಿದ್ದಾರೆ? ಮೊದಲ ಮೂರು ರಾತ್ರಿ ಪಾಳಿಯಲ್ಲಿ ಕೂರಲು ಯಾರು ಒಪ್ಪುತ್ತಾರೆ, ಅವರ ಆ ದಿನಗಳ ಕೂಲಿ ನಷ್ಟವನ್ನು ಸಂಘ ಭರಿಸಬಹುದೇ? ಇದನ್ನು ಚರ್ಚಿಸಿ. ಪಾಳಿಯ ಪಟ್ಟಿಯನ್ನು ನಡಾವಳಿ ಪುಸ್ತಕದ ಕೊನೆಯ ಪುಟದಲ್ಲಿ ಬರೆದಿಡಿ. ಕಾರ್ಯಕರ್ತೆಯವರು ಬಂದಾಗ ತೋರಿಸಿ. ಬಚ್ಚಲ ಮುಂದಿನ ಕಲ್ಲಿನ ಪಾಚಿಯನ್ನು ಮಾತ್ರ ಸಭೆಯವರೆಗೆ ಕಾಯದೆ ಇವತ್ತೇ ಉಜ್ಜಿ.